ಬಿಲ್ಲೆ ತಾತನನ್ನು ಇಟ್ಟುಕೊಂಡವರು

ಅವರು ಪದಕಗಳನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದರು. ಮಕ್ಕಳ ನೋಟ್ ಪುಸ್ತಕಗಳನ್ನು ಮುಟ್ಟಿದ ಮೇಲೆ ತೊಳೆಯುತ್ತಿದ್ದರು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಜೊತೆಗೆ ಕೆಲಸ ಮಾಡುತ್ತಿದ್ದ ಕಾಲದಲ್ಲೇ ಇದು ನನ್ನ ಕಣ್ಣಿಗೆ ಬಿದ್ದಿತ್ತು. ಅವರು ಚರಿತ್ರೆಯ ಮೇಷ್ಟ್ರು, ನಾನು ಗಣಿತದವಳು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಮ್ಮ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ‘ಶಿಸ್ತಿನ ಸಿಪಾಯಿ’ ಎಂದು ಒಬ್ಬರು ಬರೆದರು, ಉಳಿದವರು ಅದನ್ನೇ ನಕಲು ಮಾಡಿದರು. ಚಿಂತಾಮಣಿಯಲ್ಲಿ ನಡೆದ ಸಂತಾಪ ಸಭೆಯಲ್ಲಿ ನನ್ನನ್ನೂ ಎರಡು ಮಾತಾಡಲು ಕರೆದರು. ನಾನು ಎದ್ದು ನಿಂತು, ಅವರು ಎಂದೂ ತಡವಾಗಿ ಬಂದವರಲ್ಲ ಎಂದಷ್ಟೇ ಹೇಳಿ ಕೂತೆ. ಅದು ನಿಜ. ಉಳಿದ ನಿಜವನ್ನು ಅವರ ಹೆಂಡತಿಯ ಎದುರಿಗೆ, ಹಾರ ಹಾಕಿದ ಫೋಟೋದ ಪಕ್ಕದಲ್ಲಿ ನಿಂತು ಹೇಳುವುದು ಸರಿಯಲ್ಲವೆನಿಸಿತು. ಈಗ ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. “ಹೆಸರೊಂದು ಹಾಕ್ಬೇಡಿ ಮೇಡಂ, ಮಿಕ್ಕಿದ್ದು ನಿಮ್ಮಿಷ್ಟ” ಎಂದರು. ಹಾಕುವುದಿಲ್ಲ.

ಆ ಪದಕಗಳು ಅವರ ವಂಶದವಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯವು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಒಂದು ಹಳೆಯ ಬಂಗಲೆಯ ಸಾಮಾನು ಹರಾಜಾದಾಗ ಮೇಷ್ಟ್ರು ಅವನ್ನು ಕೊಂಡು ತಂದಿದ್ದರು. ಬೆಳ್ಳಿಯ ಪದಕಗಳಲ್ಲಿ ಒಂದು ಪಶ್ಚಿಮ ಆಫ್ರಿಕಾದ ಅಶಾಂಟಿ ರಾಜ್ಯದ ಮೇಲಿನ ಯುದ್ಧದ್ದು, ಒಂದು ಜುಲು ಯುದ್ಧದ್ದು, ಇನ್ನೊಂದು ಈಜಿಪ್ಟ್ ಮತ್ತು ಸೂಡಾನಿನದು. ಜೊತೆಗೊಂದು ಕಂಚಿನ ನಕ್ಷತ್ರ. ಪದಕಗಳ ಒಂದು ಮಗ್ಗುಲಲ್ಲಿ ರಾಣಿಯ ಮುಖ, ಅಂಚಿನಲ್ಲಿ ಅಧಿಕಾರಿಯ ಹೆಸರು. ಆತ ಮೇಜರ್ ಆಗಿ ನಿವೃತ್ತನಾಗಿ ಬೆಂಗಳೂರಿನಲ್ಲೇ ಮಣ್ಣಾದನಂತೆ. ನಮ್ಮ ಮೇಷ್ಟ್ರು ಆತನನ್ನು ‘ನಮ್ಮ ಮೇಜರ್ ಸಾಹೇಬರು’ ಎನ್ನುತ್ತಿದ್ದರು. ಹೆಣ್ಣು ಕೊಟ್ಟ ಮಾವನ ಬಗ್ಗೆಯೂ ಅವರು ಅಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಫ್ರಿಕಾದ ಪಾಠ ಬಂತೆಂದರೆ ನೀಲಿ ಮಖಮಲ್ಲಿನ ಪೆಟ್ಟಿಗೆ ತರಗತಿಗೆ ಬರುತ್ತಿತ್ತು. ಬೋರ್ಡಿನ ಮೇಲೆ ಭೂಪಟ ಬರೆದು, ಮೇಜರ್ ಹೋದ ಜಾಗಗಳಿಗೆ ಮಾತ್ರ ಬಣ್ಣದ ಸೀಮೆಸುಣ್ಣ ಹಚ್ಚುತ್ತಿದ್ದರು. ಉಳಿದ ಆಫ್ರಿಕಾ ಬೋರ್ಡಾಗಿಯೇ ಉಳಿಯುತ್ತಿತ್ತು. ಅಶಾಂಟಿಯವರ ರಾಜಧಾನಿ ಕುಮಾಸಿಗೆ ಬೆಂಕಿಯಿಟ್ಟ ಪ್ರಸಂಗ ಹೇಳುವಾಗ ಅವರ ಧ್ವನಿ ಪಕ್ಕದ ನನ್ನ ತರಗತಿಗೂ ಕೇಳುತ್ತಿತ್ತು. ಸಮೀಕರಣ ಬಿಡಿಸುತ್ತಿದ್ದ ಮಕ್ಕಳು ಪೆನ್ಸಿಲ್ ಎತ್ತಿ ಕೂರುತ್ತಿದ್ದರು. ನಮ್ಮ ಅಟೆಂಡರು ನಂಜಪ್ಪ ಬಾಗಿಲಲ್ಲಿ ನಿಂತು, “ಕಡ್ಡಿ ಗೀರಿದ್ದು ಇವರೇ ಇರ್ಬೇಕು ಮೇಡಂ” ಎನ್ನುತ್ತಿದ್ದ.

ಒಮ್ಮೆ ಒಬ್ಬ ಹುಡುಗಿ ಎದ್ದು, “ಸಾರ್, ಅವರೂರಿಗೆ ಇವರ್ಯಾಕೆ ಹೋಗಿದ್ದು?” ಎಂದು ಕೇಳಿದಳು.

“ಕೂತ್ಕೊ. ಅದು ಪರೀಕ್ಷೆಗೆ ಬರಲ್ಲ” ಎಂದರು.

ಅದು ಅವರ ಮಾತಿನ ರೀತಿ. ‘ಚರಿತ್ರೆ ಎಂದರೆ ಗೆದ್ದವರ ಹಾಜರಿ ಪುಸ್ತಕ’ ಎನ್ನುವುದು ಅವರ ಇನ್ನೊಂದು ಮಾತು. ಶಿಕ್ಷಕರ ದಿನಾಚರಣೆಗಳಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು.

ನನ್ನನ್ನೂ ಅವರನ್ನೂ ಸೇರಿಸಿ ‘ಜೋಡಿ ಗಡಿಯಾರ’ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ತಟ್ಟೆ ತೊಳೆದು ಬೋರಲು ಹಾಕುವುದು. ಇವತ್ತಿಗೂ ಬೆಳಕು ಹರಿಯುವ ಮೊದಲು ನನ್ನ ಮನೆಯ ಅಂಗಳ ಗುಡಿಸಿರುತ್ತದೆ. ಆದರೆ ಗುಡಿಸುವವಳು ನಾನೇ. ಅವರ ಶಿಸ್ತಿನಲ್ಲಿ ಗುಡಿಸುವವರು ಯಾವಾಗಲೂ ಬೇರೆಯವರಾಗಿದ್ದರು. ಮೇಷ್ಟ್ರು ಬಂದಾಗ ನಂಜಪ್ಪ ಏಳಬೇಕು, ಹೋದಾಗ ಏಳಬೇಕು, ನಡುವೆ ಛತ್ರಿ ಒಣಗಿಸಬೇಕು. ಅವನ ತಾಯಿ ಸತ್ತ ದಿನ ರಜೆ ಚೀಟಿಯಲ್ಲಿ ಕಾರಣ ಬರೆದಿಲ್ಲವೆಂದು ವಾಪಸು ಕಳಿಸಿದರು. ಈ ಜೋಡಿ ಗಡಿಯಾರದ ಮಾತು ನನಗೆ ಎಂದೂ ಹಿಡಿಸಲಿಲ್ಲ.

ಅವರು ಸೋಮಾರಿಯಲ್ಲ, ಅದನ್ನೂ ಹೇಳಬೇಕು. ತುಂಬ ಓದುತ್ತಿದ್ದರು. ಅಕ್ಷರ ಮುದ್ರಿಸಿದಂತಿತ್ತು. ಮನೆಪಾಠಕ್ಕೆ ಕೈ ಚಾಚಿದವರಲ್ಲ. ಇಷ್ಟನ್ನು ಅವರ ಲೆಕ್ಕಕ್ಕೆ ಜಮಾ ಮಾಡಿ ಮುಂದಕ್ಕೆ ಹೋಗುತ್ತೇನೆ.

ನಿವೃತ್ತರಾದ ಮೇಲೆ ಚಿಂತಾಮಣಿಯ ತಮ್ಮ ಮನೆಯ ಮುಂದಿನ ಕೋಣೆಯನ್ನು ಅವರು ಸಂಗ್ರಹಾಲಯ ಮಾಡಿದರು. ಗೋಡೆಯ ಮೇಲೆ ಮೇಜರನ ದೊಡ್ಡ ಚಿತ್ರ, ಅದರ ಕೆಳಗೆ ಗಾಜಿನ ಕಪಾಟು. ಜಿಲ್ಲೆಯ ಶಾಲೆಗಳಿಗೆ ತಾವಾಗಿಯೇ ಪತ್ರ ಬರೆದು ಉಪನ್ಯಾಸಕ್ಕೆ ಹೋಗುತ್ತಿದ್ದರು. ಹಾಗೆ ಹೋದದ್ದೇ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯ ಒಂದು ಶಾಲೆಗೆ. ನಾನು ಮುಖ್ಯೋಪಾಧ್ಯಾಯಿನಿಯಾಗಿ ಕಡೆಯ ವರ್ಷಗಳನ್ನು ಕಳೆದದ್ದು ಅಲ್ಲೇ. ಅವರು ಹೋಗುವ ಹೊತ್ತಿಗೆ ನಾನೂ ನಿವೃತ್ತಳಾಗಿದ್ದೆ. ಅಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ಮುನಿಯಮ್ಮ. ಮನೆಯಲ್ಲಿ ರೇಷ್ಮೆಹುಳು ಮೇಯಿಸುತ್ತಾಳೆ, ಶಾಲೆಯಲ್ಲಿ ಮಕ್ಕಳನ್ನು. ಹೀಗೆ ಹೇಳಿ ನಗುವುದೂ ಅವಳೇ.

ಸೊಪ್ಪಿನ ಸಾರು ಕುದಿಸುತ್ತ, ಕಿಟಕಿಯಿಂದ ಮೇಷ್ಟ್ರ ಉಪನ್ಯಾಸ ಕೇಳಿದ ಮುನಿಯಮ್ಮ ಪದಕಗಳನ್ನು ನೋಡಿ ಓಡಿ ಬಂದಳಂತೆ. “ಸಾರ್, ಇಂಥದ್ದೇ ನಮ್ಮನೇಲೂ ಐತೆ. ನಮ್ಮ ಬಿಲ್ಲೆ ತಾತ!” ಮನೆಗೆ ಹೋಗಿ ತಂದು ತೋರಿಸಿದಳು. ಅವಳದು ಬೆಳ್ಳಿಯದಲ್ಲ, ಕಂಚಿನದು. ಸೈನಿಕರಲ್ಲದ ಆಳುಗಳಿಗೆ ಅಂದಿನ ಸರ್ಕಾರ ಕೊಡುತ್ತಿದ್ದುದು ಕಂಚು.

ಆ ಮನೆಯ ಹಿಂದಿನ ತಲೆಗಳಲ್ಲೊಬ್ಬ ಹೇಸರಗತ್ತೆಗಳ ಮೇಲೆ ನೀರು ಹೊರಿಸಿಕೊಂಡು ಹೋಗುವ ಕೆಲಸಕ್ಕೆ ಬ್ರಿಟಿಷ್ ಪಡೆಯ ಜೊತೆ ಹಡಗು ಹತ್ತಿದ್ದ. ಇಳಿದದ್ದು ಸೂಡಾನಿನ ಸುವಾಕಿನ್ ಬಂದರಿನಲ್ಲಿ. ಅವನು ಬರಲಿಲ್ಲ, ಬಿಲ್ಲೆ ಬಂತು. ಸುಡಲು ಹೂಳಲು ದೇಹವಿಲ್ಲದ ಕಾರಣ ಆ ಬಿಲ್ಲೆಯನ್ನೇ ಅವನೆಂದು ಇಟ್ಟುಕೊಂಡರು. ಅವನ ಹೆಸರು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಿಲ್ಲೆ ತಾತ, ಅಷ್ಟೆ. ಮಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವನನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಹೊಸ ಪಂಚೆಯ ಮೇಲೆ ಕೂರಿಸಿ ಮೊದಲ ಎಲೆ ಹಾಕುತ್ತಾರೆ. ಅವನಿಗೆ ಬಡಿಸಿದ ಮೇಲೆ ಉಳಿದ ಹಿರಿಯರಿಗೆ. ಬಿಲ್ಲೆಯ ಮೇಲಿನ ರಾಣಿಯ ಮುಖವನ್ನು ಅವರು ಗಂಗಮ್ಮನೆಂದು ತಿಳಿದು ಕುಂಕುಮವನ್ನೂ ಇಡುತ್ತಾರೆ. ನೀರು ಹೊತ್ತವನ ಬಿಲ್ಲೆಯಲ್ಲಿ ಇನ್ನಾವ ಹೆಂಗಸಿರಲು ಸಾಧ್ಯ?

“ಸ್ವಲ್ಪ ಓದಿ ನೋಡಿ ಕೊಡ್ತೀನಿ” ಎಂದು ಮೇಷ್ಟ್ರು ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದರು. ಮೇಷ್ಟ್ರು ಕೇಳಿದರೆ ಇಲ್ಲವೆನ್ನುವ ಮನೆ ನಮ್ಮ ಕಡೆ ಕಡಿಮೆ.

ತಿಂಗಳುಗಳಾದವು. ಪಿತೃಪಕ್ಷ ಹತ್ತಿರ ಬಂದಾಗ ಮುನಿಯಮ್ಮ ನನ್ನ ಮನೆಗೆ ಬಂದಳು. ಮುಖ ಬತ್ತಿಹೋಗಿತ್ತು.

“ಟೀಚರಮ್ಮ, ಫೋನ್ ಮಾಡಿದ್ರೆ ಎತ್ತಲ್ಲ. ನಮ್ಮತ್ತೆ ನನ್ನ ಕೈಲಿ ನೀರು ಕುಡೀದಂಗೆ ಆಗವ್ರೆ. ಮನೆ ಹಿರೀಕನ್ನ ಯಾರ್ಗೋ ಎತ್ತಿ ಕೊಟ್ಟೋಳು ಅಂತಾರೆ. ಅವನನ್ನ ಬಿಟ್ಟು ಮಿಕ್ಕಿದೋರ್ಗೆ ಬಡಿಸೋಕೂ ಆಗಲ್ಲ. ಮೊದಲ ಎಲೆ ಇಲ್ದೆ ಎರಡನೇದು ಎಂಗೆ ಹಾಕೋದು?”

ಆ ಕ್ರಮ ನನಗೆ ತಕ್ಷಣ ಅರ್ಥವಾಯಿತು. ಮೊದಲನೆಯದು ತಪ್ಪಿದರೆ ಮನೆಯ ಸತ್ತವರೆಲ್ಲ ಹಸಿದೇ ಇರಬೇಕು, ಆ ಹಸಿವೆಲ್ಲ ಮುನಿಯಮ್ಮನ ತಲೆಯ ಮೇಲೆ. ಅವತ್ತೇ ಅವಳನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ಅವರು ಕಪಾಟಿನ ಬೀಗ ತೆಗೆದು ಬಿಲ್ಲೆಯನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ನನಗೆ ಮಾತ್ರ.

“ಆಕೆಗೆ ಹೇಳಿ ಮೇಡಂ, ಇದು ಚಾರಿತ್ರಿಕ ವಸ್ತು ಅಂತ. ಸಂರಕ್ಷಣೆ ಆಗ್ಬೇಕು.”

“ಇಲ್ಲೇ ಇದಾಳಲ್ಲ, ನೀವೇ ಹೇಳಿ.”

ಅವರು ಕಿಟಕಿಯ ಕಡೆ ನೋಡಿದರು.

ಮುನಿಯಮ್ಮ ಕೈಮುಗಿದಳು. “ಒಂದೇ ದಿನಕ್ಕೆ ಕೊಡಿ ಸಾರ್. ಎಡೆ ಇಟ್ಟು ಸಾಯಂಕಾಲಕ್ಕೆ ನಾನೇ ತಂದು ಕೊಡ್ತೀನಿ.”

“ಒಂದು ದಿನ ಕೊಟ್ರೆ ಹುಣಸೆಹಣ್ಣು ಹಾಕಿ ತಿಕ್ತಾರೆ” ಎಂದು ಅವರು ನನಗೇ ಹೇಳಿದರು. “ಈ ಅಂಚು ನೋಡಿ. ಇಲ್ಲಿ ಹೆಸರಿತ್ತು. ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿಟ್ಟಿದಾರೆ. ರಾಣಿಯ ಮೂಗೇ ಇಲ್ಲ. ಇವರ ಕೈಲಿ ಬಿಟ್ರೆ ತಗಡಾಗುತ್ತೆ.”

“ತಿಕ್ಕದೆ ಇರೋಕಾಗ್ತದಾ ಸಾರ್? ಕೊಳೆ ಮೈಯಲ್ಲೇ ತಾತನ್ನ ಊಟಕ್ಕೆ ಕರೀತಾರಾ?”

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಹೆಸರಿಲ್ಲದ ಮೇಲೆ ಇದು ಅವರದೇ ಅನ್ನೋದಕ್ಕೆ ಪುರಾವೆ ಏನು ಮೇಡಂ?”

“ಅವರ ಮನೆಯಿಂದ ನೀವೇ ತಂದಿರಲ್ಲ.”

“ತಂದಿದ್ದು ನಿಜ. ಅವರದು ಅನ್ನೋದಕ್ಕೆ ಪುರಾವೆ?”

ನಾನು ವರ್ಷಗಟ್ಟಲೆ ಗಣಿತ ಕಲಿಸಿದವಳು. ಈ ತರ್ಕವನ್ನು ಯಾವ ಕೋನದಿಂದ ಹಿಡಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಕಾಫಿ ತಂದರು. ಮೊದಲ ಲೋಟ ಮುನಿಯಮ್ಮನಿಗೆ ಕೊಟ್ಟು, ಗಂಡನ ಮುಖ ನೋಡದೆ ಒಳಗೆ ಹೋದರು.

ಬಸ್‌ಸ್ಟ್ಯಾಂಡಿನಲ್ಲಿ ಮುನಿಯಮ್ಮ, “ಅವರ ತಾತಂದಿರು ಯಾರೂ ಬಿಲ್ಲೆ ತಂದಿಲ್ವಾ ಟೀಚರಮ್ಮ? ನಮ್ಮೋನೇ ಬೇಕಾ ಅವರ್ಗೆ?” ಎಂದಳು.

ಪೊಲೀಸಿಗೆ ದೂರು ಕೊಡೋಣ, ನಾನೇ ಬರೆದುಕೊಡುತ್ತೇನೆ ಎಂದೆ.

“ಬ್ಯಾಡಮ್ಮ. ಆಮೇಲೆ ತಾತನ್ನ ಸ್ಟೇಷನ್ನಾಗೆ ಕೂಡಾಕ್ತಾರೆ.”

ಅವಳು ಹೇಳಿದ್ದು ಸರಿಯಾಗಿತ್ತು. ಒಮ್ಮೆ ಮೊಹರಾದ ವಸ್ತು ಯಾವ ಅಮಾವಾಸ್ಯೆಗೂ ಹೊರಗೆ ಬರುವುದಿಲ್ಲ.

ಅವರಿಗೆ ಅದು ಯಾಕೆ ಬೇಕಿತ್ತೆಂಬುದು ಆ ವರ್ಷವೇ ಚಿಕ್ಕಬಳ್ಳಾಪುರದ ಒಂದು ಸಭೆಯಲ್ಲಿ ತಿಳಿಯಿತು. ಮೇಜರ್ ಸಾಹೇಬರೂ ಸುವಾಕಿನ್ನಿನಲ್ಲಿ ಇದ್ದವರು. ಹಾಗಾಗಿ ಈ ಕಂಚಿನ ಪದಕ ಅವರ ನಂಬಿಕೆಯ ಆಳಿನದು ಎಂದು ಮೇಷ್ಟ್ರು ಕಥೆ ಕಟ್ಟಿದ್ದರು. ಬಾಣಲೆಯಂಥ ಮರುಭೂಮಿ, ಗಾಯಗೊಂಡ ದೊರೆ, ಕೊನೆಯ ಹನಿ ನೀರನ್ನು ದೊರೆಯ ತುಟಿಗೆ ಹಿಡಿದು ತಾನು ಸತ್ತ ಆಳು. ಇದಕ್ಕೆಲ್ಲ ಆಧಾರ ಅವರ ಧ್ವನಿ ಮಾತ್ರ. ಆಮೇಲೆ ಅವರು ಗಂಗಮ್ಮನ ಕುಂಕುಮದ ವಿಷಯ ಹೇಳಿದರು. “ವಿಕ್ಟೋರಿಯಾ ಮಹಾರಾಣಿಗೆ ನಮ್ಮ ಹಳ್ಳಿಯವರು ಕೋಳಿ ಕುಯ್ಯೋದೊಂದು ಬಾಕಿ” ಎಂದರು. ಸಭೆ ನಕ್ಕಿತು. ನಾನು ಎದ್ದು ಹೊರಗೆ ಬಂದೆ. ಮೇಷ್ಟ್ರು ತಮಗೆ ಬೇಕಾದವರನ್ನು ಮೆಚ್ಚಿಕೊಳ್ಳಲಿ, ಅದು ಅವರ ಪಾಡು. ಬೇರೊಬ್ಬರ ಮನೆಯ ಸತ್ತವನನ್ನು ಎತ್ತಿ ತಂದು ತಮ್ಮ ದೊರೆಯ ಬಾಗಿಲಿಗೆ ಆಳು ಮಾಡಿದ್ದು, ಮೇಲೆ ಆ ಮನೆಯವರನ್ನೇ ನಗೆಗೀಡು ಮಾಡಿದ್ದು ನನಗೆ ಇವತ್ತಿಗೂ ಸಹಿಸಲಾಗದು.

ನಮ್ಮ ನಿವೃತ್ತ ಶಿಕ್ಷಕರ ಸಂಘದ ಪ್ರತಿ ಸಭೆಯಲ್ಲೂ ನಾನು ಬಿಲ್ಲೆಯ ವಿಷಯ ಎತ್ತುತ್ತಿದ್ದೆ. ಕಾರ್ಯದರ್ಶಿಯಾಗಿ ಅದು ನನ್ನಿಂದ ಆಗುತ್ತಿದ್ದ ಕೆಲಸ. “ಪರಿಶೀಲನೆಯಲ್ಲಿದೆ” ಎನ್ನುತ್ತಿದ್ದರು ಮೇಷ್ಟ್ರು. ಅಧ್ಯಕ್ಷರು, “ಹೋಗಲಿ ಬಿಡಿ ಮೇಡಂ, ಹಿರಿಯರು” ಎನ್ನುತ್ತಿದ್ದರು. ಎರಡು ವರ್ಷ ಆ ಮನೆಯಲ್ಲಿ ಎಡೆ ಇಡಲಿಲ್ಲ. ಎರಡನೆಯ ವರ್ಷ ಮುನಿಯಮ್ಮನ ಗಂಡ ಸುಮ್ಮನೆ ಒಂದು ಹಿತ್ತಾಳೆ ತಟ್ಟೆ ಇಟ್ಟು ಮುಗಿಸೋಣವೆಂದನಂತೆ. “ನಿನ್ನ ಮದುವೇಲೂ ಹೆಣ್ಣಿನ ಬದಲು ತಟ್ಟೆ ಕೂರಿಸಿದ್ರಾ?” ಎಂದು ಅವನ ತಾಯಿ ಕೇಳಿದಳಂತೆ. ಆ ಮಾತು ಹೇಳುವಾಗಲೂ ಮುನಿಯಮ್ಮ ನಗಲಿಲ್ಲ. ಅತ್ತೆ ಇನ್ನೂ ಪಕ್ಕದ ಮನೆಯಿಂದ ನೀರು ತರಿಸಿಕೊಂಡು ಕುಡಿಯುತ್ತಿದ್ದಳು.

ಆಮೇಲೆ ಮೇಷ್ಟ್ರು ಸತ್ತರು. ಮಲಗಿದಲ್ಲೇ, ನಸುಕಿನಲ್ಲಿ. ಸಂಗ್ರಹವೆಲ್ಲ ನಮ್ಮ ಸಂಘದ ಸಭಾಂಗಣಕ್ಕೆ ಸೇರಬೇಕೆಂಬುದು ಅವರ ಇಚ್ಛೆಯಾಗಿತ್ತು. ಕಪಾಟು ಬಂತು. ಅದನ್ನು ತೆರೆದು ಒರೆಸಿ ಜೋಡಿಸುವ ಕೆಲಸ ನನಗೆ ಬಂತು. ಬೆಳ್ಳಿಯ ಪದಕಗಳ ಕೆಳಗೆ, ಕಾಲ ಬುಡದಲ್ಲಿ ಎನ್ನುವ ಹಾಗೆ, ಬಿಲ್ಲೆ ತಾತ ಮಲಗಿದ್ದ. ಎತ್ತಿ ಬೆಳಕಿಗೆ ಹಿಡಿದೆ. ನುಣ್ಣಗಿದ್ದ ಅಂಚಿನಲ್ಲಿ ಈಗ ಇಂಗ್ಲಿಷ್ ಅಕ್ಷರಗಳಿದ್ದವು. ‘ರಾಮಸ್ವಾಮಿ, ಮೇಜರರ ಸೇವಕ’ ಎಂದು ಓದಿಕೊಂಡೆ.

ಯಾವ ಕೈ ಅದನ್ನು ಕೊರೆದಿತ್ತೆಂದು ಕಂಡುಹಿಡಿಯಲು ಚರಿತ್ರೆ ಓದಬೇಕಿರಲಿಲ್ಲ. ಚುಕ್ಕಿ ಚುಕ್ಕಿಯಾದ ಅಕ್ಷರಗಳು. ಮದುವೆಗೆ ಮುಯ್ಯಿ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಅಂಗಡಿಯವನು ಕರೆಂಟಿನ ಸೂಜಿಯಲ್ಲಿ ಹೆಸರು ಹಾಕಿಕೊಡುತ್ತಾನಲ್ಲ, ಅದೇ. ನನ್ನ ಅಡುಗೆಮನೆಯ ಚೊಂಬಿನ ಮೇಲೂ ಅಂಥದ್ದೇ ಇದೆ. ತಮ್ಮ ಕಥೆಗೆ ಬೇಕಾದ ಪುರಾವೆಯನ್ನು ಮೇಷ್ಟ್ರು ಪೇಟೆಯ ಪಾತ್ರೆ ಅಂಗಡಿಯಲ್ಲಿ ಮಾಡಿಸಿದ್ದರು. ಇಷ್ಟು ದಿನ ಹುಣಸೆಹಣ್ಣನ್ನು ಬೈದವರು! ಹೆಸರಾದರೂ ಅವರದೇ ಯೋಚನೆಯೇ? ಮದರಾಸಿನ ಕಡೆಯ ಯಾವ ಆಳನ್ನಾದರೂ ದೊರೆಗಳು ರಾಮಸ್ವಾಮಿ ಎಂದೇ ಕರೆಯುತ್ತಿದ್ದರಂತೆ. ಇದನ್ನು ನನಗೆ ಹೇಳಿದವರೂ ಅವರೇ, ಸ್ಟಾಫ್ ರೂಮಿನಲ್ಲಿ, ಮೆಚ್ಚುಗೆಯಿಂದ.

ಅವರ ಹೆಂಡತಿಗೆ ಫೋನ್ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ತಗೊಂಡ್ಹೋಗಿ ಮೇಡಂ. ಅವತ್ತೇ ಕೊಡ್ರಿ ಅಂತ ನಾನೂ ಹೇಳ್ದೆ. ನನ್ನ ಮಾತಿಗೂ ಪುರಾವೆ ಕೇಳಿದ್ರು” ಎಂದರು. ಅಧ್ಯಕ್ಷರು ಮಾತ್ರ, ಜೋಡಣೆ ಕೆಡುತ್ತದೆಂದು ಗೊಣಗಿದರು. ಕೆಡಲಿ ಎಂದೆ.

ಮಾಲಯ ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಸಾದಲಿ ಕಡೆ ಹೊರಟೆ. ಬಿಲ್ಲೆ ನನ್ನ ಕೈಚೀಲದಲ್ಲಿತ್ತು. ಮುನಿಯಮ್ಮನ ಮನೆಯ ಹಜಾರದಲ್ಲಿ ಹುಳುವಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ್ದರು. ಒಳಗೆ ವಡೆ ಕರಿಯುವ ವಾಸನೆ. ಅತ್ತೆ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಬಿಲ್ಲೆಯನ್ನು ಕೈಗೆ ಕೊಟ್ಟೆ. ಅವಳು ಎರಡು ಕಣ್ಣಿಗೂ ಒತ್ತಿಕೊಂಡು, “ಎಷ್ಟು ಇಳಿದೋಗವ್ನೆ ನೋಡು” ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಗಂಟಲೊಣಗ್ತಾ ಐತೆ, ಒಂದು ಚೊಂಬು ನೀರು ತಾರೇ” ಎಂದಳು. ಮುನಿಯಮ್ಮ ಒಳಗೆ ಹೋಗಿ ತರಲು ಬಹಳ ಹೊತ್ತು ಹಿಡಿಯಿತು. ತಂದಾಗ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದಳು.

ವಿಷಯ ಮುಚ್ಚಿಡುವುದು ನನ್ನ ಸ್ವಭಾವವಲ್ಲ. ಅಂಚಿನ ಅಕ್ಷರಗಳನ್ನು ತೋರಿಸಿ, ಬೇರೊಬ್ಬನ ಹೆಸರು ಕೊರೆಸಿದ್ದಾರೆ ಎಂದು ಹೇಳಿದೆ.

“ಯಾರವನು?” ಎಂದಳು ಮುದುಕಿ.

“ಯಾರೂ ಅಲ್ಲಮ್ಮ. ಮೇಷ್ಟ್ರು ಕಟ್ಟಿದ ಹೆಸರು. ಅಂಥವನು ಇರಲೇ ಇಲ್ಲ.”

ಮುದುಕಿ ಬೆರಳಿನಿಂದ ಆ ಚುಕ್ಕಿಗಳನ್ನು ಮುಟ್ಟಿ ನೋಡಿದಳು. “ಹೆಸರು ಇಕ್ಕಿದ ಮೇಲೆ ಅವ್ನಿಗೂ ಹಸಿವು ಆಗ್ತೈತೆ. ನಮ್ಮ ತಾತನ ಜೊತೇಲೇ ಬಂದವ್ನೆ, ಎಲ್ಲಿಗೆ ಹೋಗಂತೀಯ? ಕೊನೇಲಿ ಅವ್ನಿಗೂ ಒಂದು ಎಲೆ ಹಾಕೇ ಮುನಿಯಮ್ಮ.”

ಎಲೆ ಬಿತ್ತು. ಮುದುಕಿ ನನ್ನ ಕಡೆ ತಿರುಗಿದಳು.

“ಆ ಮೇಷ್ಟ್ರೂ ಹೋಗ್ಬಿಟ್ರಂತಲ್ಲ. ನಮ್ಮ ತಾತ ಎರಡು ವರ್ಷ ಅವರ ಮನೇಲಿ ಇದ್ದ. ಋಣ ಇಟ್ಕೋಬಾರದು. ಅವರ್ಗೂ ಒಂದು ಹಾಕಣಾ?”

“ಬೇಡ” ಎಂದೆ. ನನ್ನ ಧ್ವನಿ ಶಾಲೆಯ ಧ್ವನಿಯಾಗಿತ್ತು. “ಅವರು ಇಲ್ಲಿಗೆ ಬರೋದಿಲ್ಲಮ್ಮ. ಅವರ ಮೇಜರ್ ಸಾಹೇಬರ ಪಂಕ್ತಿಯಲ್ಲಿ ಇರ್ತಾರೆ.”

ಮುದುಕಿ ನನ್ನ ಮುಖವನ್ನೇ ನೋಡಿದಳು. “ಆ ದೊರೆ ಪಂಕ್ತೀಲಿ ಇವರ್ನ ಕೂರಿಸ್ತಾರೇನಮ್ಮಾ?”

“ಇಲ್ಲ” ಎಂದೆ. ಅದೂ ನಿಜ.

ಮುದುಕಿ ಸೊಸೆಗೆ ಕಣ್ಣಲ್ಲೇ ಹೇಳಿದಳು. ಮುನಿಯಮ್ಮ ಇನ್ನೊಂದು ಎಲೆ ತಂದು ಸಾಲಿನ ತುದಿಗೆ ಹಾಸಿದಳು. ಅವಳ ಗಂಡ ಧೂಪ ಹಾಕಿದ. ಮನೆಗೆ ಬಂದವರೂ ಕೈಹಚ್ಚಬೇಕೆಂದು ಅನ್ನದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ಬಿಲ್ಲೆ ತಾತನಿಗೆ ಮೊದಲು ಬಡಿಸಿದೆ, ಆಮೇಲೆ ಕ್ರಮವಾಗಿ ಉಳಿದ ಹಿರಿಯರಿಗೆ, ಆಮೇಲೆ ಇರದ ರಾಮಸ್ವಾಮಿಗೂ. ತುದಿಯಲ್ಲಿದ್ದ ಮೇಷ್ಟ್ರ ಎಲೆಯ ಮುಂದೆ ಸೌಟು ಪಾತ್ರೆಗೆ ಹಾಕಿ ನಿಂತುಬಿಟ್ಟೆ. ಮುನಿಯಮ್ಮ ನನ್ನ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡು ಬಡಿಸಿದಳು.